ಲಿಬರೇಟರ್ ಯಾರ ವಿಮಾನ?

ಕಳೆದ ವರ್ಷದ ಮಾತು. ಕೋಲಾರದ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಗೆ ಮಾಲೂರು ಕಡೆಯ ವಿದ್ಯಾರ್ಥಿಯೊಬ್ಬನು ಅಂಗೈಯಗಲದ ಲೋಹದ ತಗಡೊಂದನ್ನು ತಂದು ಮೇಜಿನ ಮೇಲಿಟ್ಟನು. ತಗಡಿನ ಒಂದು ಅಂಚಿನಲ್ಲಿ ರಿವೆಟ್ಟುಗಳಿಗಾಗಿ ಕೊರೆದ ತೂತುಗಳು ಸಮನಾದ ಅಂತರದಲ್ಲಿ ಸಾಲಾಗಿದ್ದುವು. ಅವರ ಮನೆಯ ಅಟ್ಟದ ಮೇಲಿರುವ ಹಳೆಯ ಪೆಟ್ಟಿಗೆಯೊಂದಕ್ಕೆ ಹಚ್ಚಿದ್ದ ತೇಪೆಯಂತೆ ಅದು, ಈಗ ಕಳಚಿಬಂದಿದೆ. ಅವನ ಮುತ್ತಾತನು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವನು, ಗುಜರಿಯಲ್ಲಿ ಕೊಂಡು ತಂದ ತಗಡಿದು ಎಂದು ಮನೆಯವರ ಹೇಳಿಕೆ. “ಇದು ಲಿಬರೇಟರ್ ಬಾಂಬರಿನ ತುಂಡು ಎನ್ನುತ್ತಾರೆ. ಹೌದೋ ಅಲ್ಲವೋ ಪರೀಕ್ಷೆ ಮಾಡಿ ಹೇಳಬೇಕು” ಎಂಬುದು ಹುಡುಗನ ಬೇಡಿಕೆ.

ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೇನು ಬೇಕು? ಆರ್ಕಿಮಿಡೀಸನ ತತ್ತ್ವವನ್ನು ಮೊರೆಹೊಕ್ಕೆವು. ತಗಡು ಗಾಳಿಯಲ್ಲಿ 41.7 ಗ್ರಾಂ ತೂಗಿತು. ನೀರಿನಲ್ಲಿ ಮುಳುಗಿಸಿದಾಗ 26.7 ಗ್ರಾಂ. ಕಳೆದುಕೊಂಡ ತೂಕ 15.0 ಗ್ರಾಂ, ಆದುದರಿಂದ ಸಾಂದ್ರತೆ ಘನ ಸೆಂಟಿಮೀಟರಿಗೆ 2.78 ಗ್ರಾಂ. ಅಡಿಗೆಮನೆಯ ಪಾತ್ರೆಗಳ ಅಲ್ಯೂಮಿನಿಯಮ್ಮಿನ ಸಾಂದ್ರತೆಯಾದರೋ 2.70. ಈ ಅಲ್ಪ ವ್ಯತ್ಯಾಸವೇ ಸಾಕು. ಅಲ್ಯೂಮಿನಿಯಮ್ಮಿಗೆ ನೂರಕ್ಕೆ ನಾಲ್ಕರಷ್ಟು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮ್, ಮ್ಯಾಂಗನೀಸುಗಳನ್ನೂ ಸೇರಿಸಿ ಕಾಯಿಸಿ ತಣಿಸಿದರೆ ಉಕ್ಕಿನ ಬಲಕ್ಕೆ ಸಮೀಪ ಬರುವ ಡ್ಯುರಾಲುಮಿನ್ ಎಂಬ ಮಿಶ್ರಲೋಹ ದೊರೆಯುತ್ತದೆ. ವಿಮಾನಗಳ ಮೈಗೆ ಹೊದಿಸುವುದು ಇದನ್ನೇ. ಹುಡುಗನು ತಂದ ತಗಡು ಈ ಜಾತಿಗೆ ಸೇರಿದ್ದೆಂದು ನಾವು ಧೈರ್ಯವಾಗಿ ಹೇಳಿದೆವು. ಅದಕ್ಕಿಂತ ಹೆಚ್ಚಿಗೆ ಹೇಳಲು ನಮ್ಮಿಂದಾಗಲಿಲ್ಲ. ಲಿಬರೇಟರಿಗೂ ಅದೇ ಜಾತಿಯ ಲೋಹ, ಅದೇ ಕಾರ್ಖಾನೆಯಲ್ಲಿ ತಯಾರಾದ ಎಚ್.ಟಿ.-2 ತರಬೇತಿ ವಿಮಾನಕ್ಕೂ ಅದೇ ಜಾತಿಯ ಲೋಹ. ತಕ್ಕಡಿಗೆ ಲೋಹದ ಗುರುತು ಸಿಕ್ಕೀತು. ಅದನ್ನು ಬಡಿದು ಜೋಡಿಸಿದ ಕೈಗಳ ಗುರುತು ಸಿಕ್ಕದು.

ಹುಡುಗನ ಮುಖ ಬಾಡಿತು. ಅವನ ನಿರಾಶೆಯೇ ಈ ಲೇಖನಕ್ಕೆ ಕಾರಣ.

ಲಿಬರೇಟರ್ ಎಂಬುದು ಎರಡನೆಯ ಮಹಾಯುದ್ಧ ಕಾಲದ ಅಮೆರಿಕದ ಬಾಂಬರು. ಅಧಿಕೃತ ನಾಮ ಬಿ-24. ನಾಲ್ಕು ಎಂಜಿನ್ನುಗಳು, ಒಂದೊಂದಕ್ಕೂ 1200 ಅಶ್ವಶಕ್ತಿ. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಐದು ಕಾರ್ಖಾನೆಗಳಲ್ಲಿ 18 ಸಾವಿರಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದುವು. ಮಿಷಿಗನ್ ರಾಜ್ಯದ ವಿಲೋ ರನ್ನಿನಲ್ಲಿದ್ದ ಫೋರ್ಡ್ ಕಾರ್ಖಾನೆಯಿಂದ, ಕೆಲಸ ಬಿರುಸಾಗಿದ್ದ ಕಾಲದಲ್ಲಿ, ಗಂಟೆಗೊಂದರಂತೆ ವಿಮಾನಗಳು ಹೊರಬೀಳುತ್ತಿದ್ದುವು. ಇದರ ರೆಕ್ಕೆಯ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆವು. ರೆಕ್ಕೆಯ ಉದ್ದವನ್ನು ಅದರ ಸರಾಸರಿ ಅಗಲದಿಂದ ಭಾಗಿಸಿದರೆ ಲಿಬರೇಟರಿನಲ್ಲಿ ಹನ್ನೊಂದೂವರೆ ಬರುತ್ತದೆ. ಆ ಕಾಲದ ಬಾಂಬರುಗಳಲ್ಲಿ ಇದು ಅಸಾಧಾರಣವಾದ ಸಂಖ್ಯೆ. ರೆಕ್ಕೆಯ ಕೆಳಗಿನ ಹೆಚ್ಚಿನ ಒತ್ತಡದ ಗಾಳಿ ತುದಿಯನ್ನು ಬಳಸಿಕೊಂಡು ಮೇಲಕ್ಕೆ ನುಗ್ಗಲೆತ್ನಿಸಿದಾಗ ಸುಳಿ ಏಳುತ್ತದೆ. ಆ ಸುಳಿಗೆ ಬೇಕಾದ ಶಕ್ತಿಯನ್ನು ಎಂಜಿನ್ನೇ ತೆರಬೇಕು. ರೆಕ್ಕೆ ನೀಳವೂ ಕಿರಿದೂ ಆದಷ್ಟು ಈ ದಂಡ ಕಡಿಮೆ. ಅಂತರಗಂಗೆಯ ಬೆಟ್ಟದ ಮೇಲೆ ಗಿರಕಿ ಹೊಡೆಯುವ ಹದ್ದಿಗೆ ಅಗಲವಾದ ರೆಕ್ಕೆ ಸಾಕು, ಬಿಸಿಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಸಾಗರವನ್ನು ದಾಟುವ ಆಲ್ಬಟ್ರಾಸ್ ಹಕ್ಕಿಗಾದರೋ ಕತ್ತಿಯಂತಹ ರೆಕ್ಕೆ. ಲಿಬರೇಟರ್ ಈ ಎರಡನೆಯ ಜಾತಿ. ದೂರ ಹಾರುವುದೇ ಅದರ ಗುಣ. ಅದರಿಂದಲೇ ಅದು ಭಾರತದವರೆಗೆ ಬಂದುದು, ಭಾರತದಲ್ಲಿ ಅಷ್ಟು ಕಾಲ ಉಳಿದುದು.

ಯುದ್ಧಕಾಲದಲ್ಲಿ ಅಮೆರಿಕವು ಬ್ರಿಟನ್ನಿಗೆ ಎರವಲು ಒಪ್ಪಂದದ ಮೇಲೆ ಈ ವಿಮಾನಗಳನ್ನು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಕ್ರಯ ಕೊಟ್ಟು ಕೊಳ್ಳಬೇಕು, ಇಲ್ಲವೇ ನಾಶಮಾಡಬೇಕು. ಪೂರ್ವ ರಣರಂಗದಲ್ಲಿದ್ದ ಬ್ರಿಟಿಷ್ ಲಿಬರೇಟರುಗಳು ಕಾನಪುರದ ಚಕೇರಿ ವಿಮಾನ ನಿಲ್ದಾಣದಲ್ಲಿ ಬಂದು ನಿಂತುವು. ಹಿಂದಕ್ಕೆ ಒಯ್ಯುವ ವೆಚ್ಚ ಯಾರಿಗೂ ಬೇಡವಾಗಿತ್ತು. ಉಳಿದದ್ದು ನಾಶವೊಂದೇ. ಎಂಜಿನ್ನುಗಳಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು, ಮೈಯನ್ನು ಜಜ್ಜಿ ತೂತುಮಾಡಿದರು. ಇನ್ನು ಇವು ಹಾರಲಾರವೆಂಬ ನಂಬಿಕೆಯಿಂದ ಬಿಟ್ಟುಹೋದರು.

ಸ್ವತಂತ್ರ ಭಾರತದ ವಾಯುಪಡೆಗೆ ಆಗ ಭಾರೀ ಬಾಂಬರೆಂಬುದು ಒಂದೂ ಇರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಕಾನಪುರದ ಆ ಶವಗಳ ರಾಶಿಯನ್ನು ನೋಡಿ, ಇವನ್ನು ಎಬ್ಬಿಸಬಹುದು ಎಂದರು. ಹಾಗೆನ್ನುವ ಧೈರ್ಯ ಅವರಿಗೆ ಬರಲು ಕಾರಣವಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ಈ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಆಡಳಿತಕ್ಕೆ ಒಳಪಟ್ಟು, ಯುದ್ಧ ಮುಗಿಯುವವರೆಗೆ ದೊಡ್ಡದೊಂದು ದುರಸ್ತಿ ಕೇಂದ್ರವಾಗಿತ್ತು. ಕಮ್ಮಾರಿಕೆಯನ್ನೋ ಬಡಗಿತನವನ್ನೋ ಕಲಿತು ಸೇರಿದ ನಮ್ಮ ಜನ ಅಲ್ಲಿ ಇಂಚಿನ ಸಾವಿರದ ಒಂದು ಭಾಗವನ್ನು ಅಳೆಯುವುದನ್ನು ಕಲಿತರು.

ಕಾನಪುರದಲ್ಲಿ ನೆಲಬಿಟ್ಟು ಏಳುವಷ್ಟರ ಮಟ್ಟಿಗೆ ರಿಪೇರಿ. ಅಲ್ಲಿಂದ ಸುಮಾರು 1500 ಕಿಲೋಮೀಟರು ಹಾರಿಸಿಕೊಂಡು ಬೆಂಗಳೂರಿಗೆ. ಬೆಂಗಳೂರಿನಲ್ಲಿ ಪೂರ್ಣ ಜೀರ್ಣೋದ್ಧಾರ. ಇದು ಆ ಕೆಲಸದ ಕ್ರಮ. ಕಾರ್ಖಾನೆಯ ಮುಖ್ಯ ಪರೀಕ್ಷಾ ವೈಮಾನಿಕ ಜಮ್‌ಶೆಡ್ ಮುನ್ಶಿಯವರು ಈ ಮುರುಕು ವಿಮಾನಗಳನ್ನು ಒಂದೊಂದಾಗಿ ಹಾರಿಸಿ ತಂದರು. 1951ರಲ್ಲಿ ಎಚ್.ಟಿ.-2 ವಿಮಾನವನ್ನು ಮೊಟ್ಟಮೊದಲು ಹಾರಿಸಿದವರೂ ಅವರೇ. ಜಜ್ಜಿದ ಮೈ, ಒಡೆದ ಗಡಿಯಾರಗಳು, ಮರಳು ಕುಡಿದು ಬಿಚ್ಚಿ ತೊಳೆಸಿಕೊಂಡ ಎಂಜಿನ್ನುಗಳು, ಕೆಳಗೆ ವಿಂಧ್ಯ, ನರ್ಮದೆ, ಗೋದಾವರಿ: ಆ ಹಾರಾಟಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ನು ಈ ವಿಮಾನಗಳೊಡನೆ ಆರಂಭವಾಯಿತು. ಮುಂದೆ 6ನೆಯ ಸ್ಕ್ವಾಡ್ರನ್ನು ಇವುಗಳ ಮೇಲೆಯೇ ಸಮುದ್ರದ ಕಾವಲನ್ನು ನಡೆಸಿತು. ಒಟ್ಟು ನಲವತ್ತರ ಹತ್ತಿರ ಹತ್ತಿರ ಲಿಬರೇಟರುಗಳು ಹೀಗೆ ಪುನರ್ಜನ್ಮ ಪಡೆದುವು. 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಾಂಬರುಗಳು ಬಂದ ಮೇಲೆಯೂ ನೀಳರೆಕ್ಕೆಯ ಈ ಮುದುಕನನ್ನು ಬಿಡಲಿಲ್ಲ. ಗಂಟೆಗಟ್ಟಲೆ ಕಡಲ ಮೇಲೆ ನಿಧಾನವಾಗಿ ಸುತ್ತಲು ಜೆಟ್ಟಿಗಿಂತ ಅದೇ ಮೇಲು. ಕೊನೆಗೆ ನಿವೃತ್ತಿಯಾದದ್ದು 1968ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಪ್ರಪಂಚದ ಬೇರಾವ ವಾಯುಪಡೆಯಲ್ಲಿಯೂ ಲಿಬರೇಟರ್ ಸೇವೆಯಲ್ಲಿರಲಿಲ್ಲ.

ಇಲ್ಲಿಂದ ಮುಂದಿನದು ಒಡೆತನದ ಕಥೆ. ಬೇರೆ ದೇಶಗಳಲ್ಲಿ ಲಿಬರೇಟರುಗಳನ್ನೆಲ್ಲ ಎಂದೋ ಕರಗಿಸಿ ಪಾತ್ರೆಪಡಗ ಮಾಡಿಯಾಗಿತ್ತು. ವಸ್ತುಸಂಗ್ರಹಾಲಯಗಳವರು ಹುಡುಕಿಕೊಂಡು ಬಂದದ್ದು ಭಾರತಕ್ಕೆ. 1968ರಲ್ಲಿ ನಮ್ಮ ಎಚ್.ಇ. 773 ಸಂಖ್ಯೆಯ ವಿಮಾನ ಕೆನಡಾಕ್ಕೆ ಹೋಯಿತು. ಪ್ರತಿಯಾಗಿ ಲೈಸಾಂಡರ್ ಎಂಬ ಹಳೆಯ ವಿಮಾನವೊಂದು ನಮಗೆ ಬಂತು. 1969ರಲ್ಲಿ ಒಂದು ಅಮೆರಿಕದ ಆರಿಜೋನಾ ರಾಜ್ಯದ ಟೂಸಾನಿಗೆ ಹಾರಿತು. 1974ರಲ್ಲಿ ಎಚ್.ಇ. 807 ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಕಾಣಿಕೆಯಾಯಿತು. ಇವು ಪೆಟ್ಟಿಗೆಯಲ್ಲಿ ಹೋದುವಲ್ಲ, ತಮ್ಮ ರೆಕ್ಕೆಯ ಮೇಲೆಯೇ ಖಂಡಗಳನ್ನು ದಾಟಿ ಹೋದುವು ಎಂಬುದನ್ನು ವಾಚಕರು ಗಮನಿಸಬೇಕು. ಇನ್ನೊಂದು ವಿಮಾನ, ಅಮೆರಿಕದ ಲೆಕ್ಕದಲ್ಲಿ 44-44052 ಸಂಖ್ಯೆಯದು, ನಿವೃತ್ತಿಯ ಅನಂತರ ಹದಿಮೂರು ವರ್ಷ ಇಲ್ಲಿಯೇ ಬಿಸಿಲು ಮಳೆ ತಿಂದಿತು. 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕರೊಬ್ಬರು ಕೊಂಡರು; ಮರುವರ್ಷ ಬಿಡಿಬಿಡಿಯಾಗಿ ಬಿಚ್ಚಿ ಸಾಗಿಸಿದರು; 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಅದನ್ನು ಕೊಂಡು 1989ರಲ್ಲಿ ಮತ್ತೆ ಹಾರಿಸಿತು.

ಈ ಕೊನೆಯ ವಿಮಾನದ ಮೈಮೇಲಿನ ಹೆಸರುಗಳ ಚರಿತ್ರೆ ವಿಚಿತ್ರವಾದುದು. ಮೊದಲು ಬಳಿದ ಹೆಸರು ‘ಆಲ್ ಅಮೆರಿಕನ್’. ಬಳಿಕ 1998ರಲ್ಲಿ ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’. ಅದಾದ ಮೇಲೆ 2005ರಲ್ಲಿ ‘ವಿಚ್‌ಕ್ರಾಫ್ಟ್’. ಮೂರೂ ಯುದ್ಧದಲ್ಲಿ ಖ್ಯಾತಿಗೊಂಡ ಬೇರೆ ಬೇರೆ ಲಿಬರೇಟರುಗಳ ಹೆಸರುಗಳು. ಇಂಗ್ಲೆಂಡಿನಿಂದ ಹೊರಟು 130 ದಾಳಿಗಳನ್ನು ನಡೆಸಿದ ನಿಜವಾದ ವಿಚ್‌ಕ್ರಾಫ್ಟ್ ಎಂದೋ ಗುಜರಿಯ ಪಾಲಾಯಿತು. ಅದರ ವೇಷವನ್ನು ತೊಟ್ಟು ನಿಂತಿರುವುದು ಭಾರತದ ಕಡಲನ್ನು ಕಾಯುತ್ತಿದ್ದ ವಿಮಾನ. ಕೆನಡಾದಲ್ಲಿರುವುದಕ್ಕೂ ಕೆನಡಾದ ವಾಯುಪಡೆಯ 11130 ಎಂಬ ಸಂಖ್ಯೆಯನ್ನು ಬರೆದಿದ್ದಾರೆ. ಲಂಡನ್ನಿನ ಹೆಂಡನ್ನಿನಲ್ಲಿರುವುದು ಮಾತ್ರ ತನ್ನದೇ ಹಳೆಯ ಬ್ರಿಟಿಷ್ ಸಂಖ್ಯೆಯನ್ನು, ಕೆ.ಎನ್. 751 ಎಂಬುದನ್ನು, ಧರಿಸಿದೆ. 1945ರಲ್ಲಿ ಅದು 99ನೆಯ ಸ್ಕ್ವಾಡ್ರನ್ನಿನಲ್ಲಿ ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳಿಂದ ಹಾರಿದ್ದು ನಿಜವೇ. ಆದರೆ ಅದು ಕೆಲವೇ ತಿಂಗಳ ಮಾತು. ಭಾರತದಲ್ಲಿ ಕಳೆದದ್ದು ವರ್ಷಗಳು.

ಒಬ್ಬನು ಮೂರು ತಿಂಗಳು ಒಂದು ಊರಿನಲ್ಲಿ ಸಿಪಾಯಿಯಾಗಿದ್ದು, ಇನ್ನೊಂದು ಊರಿನಲ್ಲಿ ಹತ್ತಾರು ವರ್ಷ ದುಡಿದು ಸತ್ತರೆ, ಅವನ ಕಲ್ಲಿನ ಮೇಲೆ ಮೊದಲನೆಯ ಊರನ್ನು ಮಾತ್ರ ಕೆತ್ತುವುದು ನ್ಯಾಯವೆ?

ಇದನ್ನು ನಮ್ಮ ಮಿತ್ರರೊಬ್ಬರಲ್ಲಿ ಹೇಳಿಕೊಂಡಾಗ ಅವರು ನಕ್ಕು, “ಮಾರಿದ ಎಮ್ಮೆಯ ಹಾಲಿನ ಲೆಕ್ಕ ನಿಮಗೇಕೆ? ಕೊಟ್ಟ ಮೇಲೆ ಅವರು ಯಾವ ಬಣ್ಣವನ್ನಾದರೂ ಬಳಿದುಕೊಳ್ಳಲಿ” ಎಂದರು. ಬಣ್ಣದ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇವೆ. ಕಾಲಿಂಗ್ಸ್ ಸಂಸ್ಥೆಯವರು ಆ ವಿಮಾನಕ್ಕೆ ಹಣವನ್ನೂ ಶ್ರಮವನ್ನೂ ಸುರಿದಿದ್ದಾರೆ. ಸತ್ತ ತಮ್ಮ ಯೋಧರನ್ನು ನೆನೆಯಲು ಅದನ್ನು ಬಳಸುವುದು ಅವರ ಹಕ್ಕು. ಹದಿಮೂರು ವರ್ಷ ಅದನ್ನು ತುಕ್ಕಿಗೆ ಬಿಟ್ಟ ನಾವು ಅವರಿಗೆ ಬುದ್ಧಿ ಹೇಳಲು ಹೋದರೆ ಅದು ನಗೆಪಾಟಲು. ಅದು ಜನರ ಮೇಲೆ ಬಾಂಬು ಸುರಿಸಲು ಹುಟ್ಟಿದ ಯಂತ್ರ, ಅದಕ್ಕೇಕೆ ಇಷ್ಟು ಮಮತೆ ಎಂದು ಇನ್ನೊಬ್ಬರು ಕೇಳಬಹುದು. ಬಾಂಬರಿಗೆ ಹಾರ ಹಾಕಲು ನಾವು ಹೊರಟಿಲ್ಲ. ನಮ್ಮ ಮಮತೆಯೆಲ್ಲ ಅದನ್ನು ಎಬ್ಬಿಸಿದವರ ಮೇಲೆ.

ನಮಗೆ ಚುಚ್ಚುವುದು ಬೇರೊಂದು ಅಂಶ. ಆ ವಿಮಾನವನ್ನು 1980ರ ದಶಕದಲ್ಲಿ ಜೀರ್ಣೋದ್ಧಾರ ಮಾಡಲು ಅಮೆರಿಕದಲ್ಲಿ ಹಿಡಿದ ಶ್ರಮವನ್ನು ಸುಮಾರು 97,000 ಗಂಟೆಗಳೆಂದು ಲೆಕ್ಕ ಬರೆದಿಟ್ಟಿದ್ದಾರೆ. ಯಾರು ಮಾಡಿದರು, ಎಲ್ಲಿ ಮಾಡಿದರು, ಎಲ್ಲಕ್ಕೂ ದಾಖಲೆ ಉಂಟು. ಅದಕ್ಕೂ ನಲವತ್ತು ವರ್ಷ ಮುಂಚೆ, ಬೇಕೆಂದೇ ಹಾಳುಮಾಡಿದ ನಲವತ್ತರಷ್ಟು ವಿಮಾನಗಳನ್ನು ಬೆಂಗಳೂರಿನಲ್ಲಿ ಎಬ್ಬಿಸಿದಾಗ ಹಿಡಿದ ಗಂಟೆಗಳೆಷ್ಟು? ರಿವೆಟ್ಟುಗಳನ್ನು ಬಡಿದವರು ಯಾರು? ಮುನ್ಶಿಯವರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಸಿಲಿಂಡರಿನಿಂದ ಮರಳನ್ನು ತೊಳೆದವನ ಹೆಸರು? ವಿದೇಶದ ಬರಹಗಳಲ್ಲಿ ಈ ವಿಮಾನಗಳ ಒಡೆತನದ ಸರಣಿಯನ್ನು ಓದುವಾಗ ಅಮೆರಿಕ, ಬ್ರಿಟನ್, ಭಾರತ, ಸಂಗ್ರಾಹಕ, ಸಂಸ್ಥೆ ಎಂದು ಸಲೀಸಾಗಿ ಸಾಗುತ್ತದೆ. ಬೆಂಗಳೂರಿನ ಕೆಲಸಕ್ಕೆ ಸಲ್ಲುವುದು ಅರ್ಧ ವಾಕ್ಯ. ಅರ್ಧ ವಾಕ್ಯಕ್ಕಿಂತ ಹೆಚ್ಚಿನದನ್ನು ಬರೆಯಲು ಬೇಕಾದ ಸಾಮಗ್ರಿಯನ್ನು ನಾವು ಒದಗಿಸಿದರೆ ತಾನೆ ಅವರು ಬರೆಯುವುದು?

ಇನ್ನೂ ಒಂದು ತೊಡಕುಂಟು. ಇದು ನಮ್ಮ ವಾದಕ್ಕೆ ಪುಷ್ಟಿ ಕೊಡುತ್ತದೆಂದು ನಮ್ಮ ಭಾವನೆ. ಇದು ಇಂಥ ಸಂಖ್ಯೆಯ ವಿಮಾನ ಎನ್ನುವಾಗ ನಾವು ಏನನ್ನು ಕುರಿತು ಹೇಳುತ್ತೇವೆ? ಕಾನಪುರದ ರಾಶಿಯಲ್ಲಿ ಒಂದರ ರೆಕ್ಕೆ ಹಾಳಾಗಿದ್ದರೆ ಇನ್ನೊಂದರ ಬಾಲ ಹಾಳಾಗಿತ್ತು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದಲ್ಲದೆ ಬೇರೆ ದಾರಿಯಿರಲಿಲ್ಲ. ಸಾವಿರಗಟ್ಟಲೆ ತಯಾರಾದ ಯಂತ್ರದ ಭಾಗಗಳು ಒಂದರಂತೆ ಒಂದಿರುತ್ತವೆಯಾದುದರಿಂದಲೇ ಇದು ಸಾಧ್ಯವಾಯಿತು. ಹಾಗಿರುವಾಗ ನಮ್ಮಲ್ಲಿ ಎದ್ದು ನಿಂತ ವಿಮಾನದ ಎಷ್ಟು ಭಾಗ ಅದರದು, ಎಷ್ಟು ಭಾಗ ನೆರೆಯದು? ನಮ್ಮ ಊರುಗಳ ತೇರನ್ನು ನೋಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ವರ್ಷ ಗಾಲಿ ಬದಲಾಗುತ್ತದೆ, ಮತ್ತೊಂದು ವರ್ಷ ಅಚ್ಚು, ಇನ್ನೊಮ್ಮೆ ಬೋದಿಗೆ. ಆದರೂ ಅದು ಅದೇ ತೇರು. ಏಕೆ? ಅದೇ ಬೀದಿಯಲ್ಲಿ ಅದೇ ಊರಿನವರು ಅದನ್ನು ಎಳೆಯುತ್ತಾರೆ, ಕೆಟ್ಟಾಗ ಅದೇ ಊರಿನ ಆಚಾರಿ ಸರಿಮಾಡುತ್ತಾನೆ. ಮರಕ್ಕಿಂತ ಆ ನಿರಂತರವಾದ ಆರೈಕೆಯೇ ಅದರ ಗುರುತು. ಲಿಬರೇಟರಿಗೂ ಈ ನ್ಯಾಯವನ್ನು ಅನ್ವಯಿಸಬೇಕೆಂದು ನಾವು ವಾದಿಸುತ್ತೇವೆ. ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯದಲ್ಲೋ ಮೊದಲು ಹೊರಬಿದ್ದ ಯಂತ್ರ ಕಾನಪುರದಲ್ಲಿ ಸತ್ತಿತು. ಅನಂತರದ್ದು ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ನಮ್ಮ ಜಿಲ್ಲೆಯ ಸಂಬಂಧವೂ ಕಾರಣ. ಮಾಲೂರಿನಿಂದ ಬೆಂಗಳೂರಿಗೆ ರೈಲಿತ್ತು. ಶ್ರೀನಿವಾಸಪುರ, ಕೋಲಾರಗಳ ಮೂಲಕ ಬಂಗಾರಪೇಟೆಯನ್ನು ಮುಟ್ಟುವ ಕಿರುಹಳಿಯ ರೈಲೂ ಇತ್ತು. ರೈಲಿಲ್ಲದ ಮುಳಬಾಗಿಲಿನವರು ಬಸ್ಸನ್ನು ನೆಚ್ಚಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಒಣಗಿದ ಊರುಗಳಿಂದ ಜನ ಕೆಲಸ ಹುಡುಕಿ ಹೋದದ್ದು ಒಂದೋ ಚಿನ್ನದ ಗಣಿಗೆ, ಇಲ್ಲವೇ ಬೆಂಗಳೂರಿನ ಕಾರ್ಖಾನೆಗಳಿಗೆ. ಗಣಿಯ ಚರಿತ್ರೆಯನ್ನು ಬರೆದವರಿದ್ದಾರೆ. ವಿಮಾನ ಕಾರ್ಖಾನೆಗೆ ಹೋದವರ ಮಾತು ಮನೆಯ ಜಗಲಿಯಲ್ಲಿಯೇ ಉಳಿದಿದೆ. ನಮ್ಮ ತರಗತಿಯಲ್ಲಿ ಒಮ್ಮೆ ವಿಚಾರಿಸಿದಾಗ, ಮನೆಯಲ್ಲಿ ಯಾರಾದರೊಬ್ಬರು ಅಲ್ಲಿ ದುಡಿದಿದ್ದರೆಂದು ನಾಲ್ವರು ಕೈಯೆತ್ತಿದರು. ಯಾವ ಇಲಾಖೆಯಲ್ಲಿ, ಯಾವ ವಿಮಾನದ ಮೇಲೆ ಎಂದಾಗ ನಾಲ್ವರೂ ಸುಮ್ಮನಾದರು. 1948ರಲ್ಲಿ ಇಪ್ಪತ್ತು ವರ್ಷದವನಾಗಿದ್ದವನು ಇಂದು ಬದುಕಿದ್ದರೆ ನೂರರ ಆಸುಪಾಸಿನಲ್ಲಿರುತ್ತಾನೆ. ಕೇಳಿ ಬರೆದುಕೊಳ್ಳುವ ಕಾಲ ಬಹುಮಟ್ಟಿಗೆ ಮೀರಿದೆ. ಉಳಿದಿರುವುದು ಕಾಗದ.

ಆದುದರಿಂದ ನಮ್ಮ ಸಲಹೆ ಬಹಳ ಸಣ್ಣದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕಾಲೇಜುಗಳಿವೆ. ಬೇಸಗೆಯ ರಜದಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಗಳನ್ನು ತೆರೆದು ನೋಡಲಿ. ಹಾಜರಿಯ ಬಿಲ್ಲೆ, ಸಂಬಳದ ಚೀಟಿ, ಸೇವಾ ಪ್ರಮಾಣಪತ್ರ, ನಾಲ್ಕಾರು ಮಂದಿ ರೆಕ್ಕೆಯ ಕೆಳಗೆ ನಿಂತು ತೆಗೆಸಿಕೊಂಡ ಭಾವಚಿತ್ರ, ಯಾವುದೇ ಆಗಲಿ. ಭಾವಚಿತ್ರದ ಹಿಂಬದಿಯನ್ನು ನೋಡಲು ಮರೆಯಬಾರದು. ಹೆಸರು ತಾರೀಖುಗಳನ್ನು ಹಿಂದಿನವರು ಬರೆಯುತ್ತಿದ್ದುದು ಅಲ್ಲಿಯೇ. ಮೂಲವು ಮನೆಯಲ್ಲಿಯೇ ಇರಲಿ. ಪ್ರತಿ ಮಾತ್ರ ಕಾಲೇಜಿನ ಗ್ರಂಥಾಲಯವನ್ನು ಸೇರಲಿ. ವಾಯುಪಡೆಯು ದೆಹಲಿಯ ಪಾಲಮ್ಮಿನ ತನ್ನ ವಸ್ತುಸಂಗ್ರಹಾಲಯದಲ್ಲಿ ಒಂದು ಲಿಬರೇಟರನ್ನು ಉಳಿಸಿಕೊಂಡಿದೆ. ಹೆಂಡನ್ನಿನಲ್ಲೊಂದು, ಟೂಸಾನಿನಲ್ಲೊಂದು ನಿಂತಿವೆ. ಹತ್ತು ಹೆಸರುಗಳು ಪ್ರಮಾಣಸಹಿತವಾಗಿ ದೊರೆತರೂ ಸಾಕು, ಅವರೆಲ್ಲರಿಗೂ ಕಾಗದ ಬರೆಯಬಹುದು. ಬಣ್ಣವನ್ನು ಬದಲಾಯಿಸಿರೆಂದು ಕೇಳುವುದು ಬೇಡ. ವಿಮಾನದ ಮುಂದಿನ ಫಲಕದಲ್ಲಿ ಒಂದು ಸಾಲನ್ನು ಸೇರಿಸಿರೆಂದು ಕೇಳೋಣ.

ತಗಡಿನ ತುಂಡನ್ನು ಹುಡುಗನಿಗೆ ಹಿಂದಿರುಗಿಸಿದೆವು. ದಾರದಿಂದ ಅದಕ್ಕೊಂದು ಚೀಟಿ ಕಟ್ಟಿ, ತೂಕ, ಸಾಂದ್ರತೆ, ಅಳೆದ ತಾರೀಖು, ಅವನ ಮುತ್ತಾತನ ಹೆಸರು, ಇಷ್ಟನ್ನೂ ಅವನ ಕೈಯಲ್ಲಿಯೇ ಬರೆಸಿದೆವು. ವಿಮಾನದ ಹೆಸರೆಂದು ಗೆರೆ ಎಳೆದ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಿಸಿದ್ದೇವೆ.